ಹನ್ನೊಂದು ಸಲ ನೋಡಿದ ಪಾಠ

ಶಾಲೆಯಿಂದ ಬಂದ ಕಾಗದವನ್ನು ಅಪ್ಪ ಭಾನುವಾರ ಮಧ್ಯಾಹ್ನ ಊಟದ ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡು ಎರಡು ಸಲ ಓದಿದ. ಒಂಬತ್ತನೇ ತರಗತಿಗೆ ಇನ್ನು ಮುಂದೆ ವಿಜ್ಞಾನವನ್ನು ಹೊಸ ಕ್ರಮದಲ್ಲಿ ಕಲಿಸಲಾಗುತ್ತದೆ, ಪಾಠ ಮನೆಯಲ್ಲಿ, ಅಭ್ಯಾಸ ಶಾಲೆಯಲ್ಲಿ ಎಂದು ಅದರಲ್ಲಿ ಬರೆದಿತ್ತು.

"ಏನಿದು ಇನ್ಸ್‌ಪೆಕ್ಟರ್, ಎಲ್ಲಾ ತಲೆಕೆಳಗು?" ಎಂದು ಮಗಳನ್ನು ಕೇಳಿದ. ಕಂಡದ್ದಕ್ಕೆಲ್ಲ ಯಾಕೆ, ಹೇಗೆ ಎಂದು ಕೇಳುತ್ತಿದ್ದುದರಿಂದ ಅವಳಿಗೆ ಅವನಿಟ್ಟ ಹೆಸರು ಅದು.

"ಮೇಡಂ ಪಾಠದ ವೀಡಿಯೋ ಮಾಡಿ ಆ್ಯಪ್‌ಗೆ ಹಾಕ್ತಾರೆ ಅಪ್ಪ. ನಾವು ಸಂಜೆ ನೋಡ್ಕೊಂಡು ಹೋಗಬೇಕು. ಲೆಕ್ಕ, ಪ್ರಯೋಗ ಎಲ್ಲಾ ಕ್ಲಾಸಲ್ಲೇ."

"ಅಂದ್ರೆ ಹೋಂವರ್ಕ್ ಇಲ್ಲ?"

"ಇಲ್ಲ."

"ಬದುಕಿದೆ. ಹೋದ ವರ್ಷ ನಿನ್ನ ಲೆಕ್ಕ ಬಿಡಿಸೋಕೆ ಹೋಗಿ ನನ್ನ ಮಾನ ಹರಾಜಾಗಿತ್ತು."

ಅಜ್ಜಿಗೆ ಇದು ಸರಿಬರಲಿಲ್ಲ. ಅವಳು ಮೂವತ್ತು ವರ್ಷ ಒಂದು ಶಾಲೆಯಲ್ಲಿ ಜವಾನಳಾಗಿದ್ದವಳು. ಗಂಟೆ ಹೊಡೆಯುವುದು, ಹಾಜರಿ ಪುಸ್ತಕವನ್ನು ಕೋಣೆಯಿಂದ ಕೋಣೆಗೆ ಒಯ್ಯುವುದು ಅವಳ ಕೆಲಸವಾಗಿತ್ತು.

"ಪಾಠ ನಾವೇ ಮಾಡ್ಕೋಬೇಕು ಅಂದ್ಮೇಲೆ ಆಯಮ್ಮಂಗೆ ಸಂಬಳ ಯಾತಕ್ಕೆ? ಅದಿರಲಿ, ಹಾಜರಿ ಹೆಂಗೆ ಹಾಕ್ತಾರೆ?"

"ಆ್ಯಪೇ ಹಾಕುತ್ತೆ ಅಜ್ಜಿ. ಯಾರು ಎಷ್ಟು ಸಲ ನೋಡಿದ್ರು ಅಂತ ಅದರಲ್ಲಿ ಬರುತ್ತೆ."

"ಹಂಗಾದ್ರೆ ಸರಿ," ಎಂದಳು ಅಜ್ಜಿ. ಹಾಜರಿ ಇದ್ದವರನ್ನು ಯಾವ ಹೆಡ್‌ಮಾಸ್ತರೂ ಫೇಲು ಮಾಡಿದ್ದನ್ನು ಅವಳು ಕಂಡಿರಲಿಲ್ಲ.

ಕಾಗದದ ಕೊನೆಯಲ್ಲಿ ಇನ್ನೊಂದು ಮಾತಿತ್ತು. ಮುಂದಿನ ವರ್ಷದಿಂದ ಹತ್ತನೇ ತರಗತಿಯಲ್ಲಿ ಪ್ರಯೋಗಾಲಯವಿರುವ ಒಂದು ವಿಜ್ಞಾನ ವಿಭಾಗ, ಮೂವತ್ತು ಸೀಟು. ಯಾರ್‍ಯಾರು ಎಂಬುದನ್ನು ವಿಜ್ಞಾನದ ಮೇಡಂ ಈ ಅವಧಿಯ ಕೆಲಸ ನೋಡಿ ಪಟ್ಟಿ ಮಾಡುತ್ತಾರೆ. ಉಳಿದವರು ಸಾಮಾನ್ಯ ವಿಭಾಗಕ್ಕೆ. ಹುಡುಗಿ ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಳು.

ಮೊದಲ ಎರಡು ವಾರ ಚೆನ್ನಾಗಿಯೇ ನಡೆಯಿತು. ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಳಗಿನ ಪಾಳಿ ಮುಗಿಸಿ ಮೂರಕ್ಕೆ ಮನೆಗೆ ಬರುತ್ತಿದ್ದಳು. ಅಡುಗೆ ಅವಳದು, ಹಾಸಿಗೆ ಹಿಡಿದ ತಾತನ ಆರೈಕೆಯೂ ಅವಳದು. ಲಿಫ್ಟ್ ಮೆಕ್ಯಾನಿಕ್ ಆಗಿದ್ದ ಅಪ್ಪ ಮುಕ್ಕಾಲು ದಾರಿಯಿಂದಲೇ ಅಮ್ಮನ ಬಟನ್ ಫೋನಿಗೆ ಕರೆ ಮಾಡಿ, "ಇನ್ಸ್‌ಪೆಕ್ಟರ್‌ಗೆ ಹೇಳು, ಫೋನ್ ಬರ್ತಾ ಇದೆ," ಎನ್ನುತ್ತಿದ್ದ. ಆರೂಮುಕ್ಕಾಲಿಗೆ ಅವನು ಬಂದರೆ ಹುಡುಗಿ ಫೋನು ಕಸಿದುಕೊಂಡು ಕಿಟಕಿಯ ಬಳಿ ಕೂರುತ್ತಿದ್ದಳು. ಪಾಠ ಇಪ್ಪತ್ತು ನಿಮಿಷದ್ದು. ನಿಲ್ಲಿಸಿ, ಹಿಂದಕ್ಕೆ ಹೋಗಿ, ಬರೆದುಕೊಂಡು, ಕೊನೆಯ ಐದು ಪ್ರಶ್ನೆಗೆ ಉತ್ತರ ಒತ್ತುವಷ್ಟರಲ್ಲಿ ಒಂದು ಗಂಟೆ. ಎಂಟಕ್ಕೆ ಅಪ್ಪ ಫೋನಿನೊಂದಿಗೆ ಕಂಪನಿಯ ಡಿಪೋಗೆ ಹೊರಡುತ್ತಿದ್ದ. ಯಾವುದಾದರೂ ಕಟ್ಟಡದಲ್ಲಿ ಲಿಫ್ಟ್ ನಡುವೆ ನಿಂತು ಜನ ಸಿಕ್ಕಿಕೊಂಡರೆ ಬಿಡಿಸುವ ರಾತ್ರಿಯ ತುರ್ತು ಪಾಳಿಯೂ ಅವನದು.

ರಾಟೆಗಳ ಪಾಠ ನೋಡಿದ ದಿನ ಅವಳು ಅಪ್ಪನನ್ನು ಬಾಗಿಲಲ್ಲೇ ತಡೆದು ಕೇಳಿದಳು, "ಮೋಟಾರ್ ಇದ್ದಮೇಲೆ ಲಿಫ್ಟಿಗೆ ಹಿಂದುಗಡೆ ಕಬ್ಬಿಣದ ತೂಕ ಯಾಕಪ್ಪಾ ಕಟ್ತಾರೆ?"

ಅಪ್ಪ ಶೂ ಬಿಚ್ಚದೆ ವಿವರಿಸಿದ. ಆ ತೂಕ ಪೆಟ್ಟಿಗೆಯ ತೂಕಕ್ಕೆ ಜನರ ತೂಕದ ಅರ್ಧ ಸೇರಿಸಿದಷ್ಟು. ಪೆಟ್ಟಿಗೆ ಖಾಲಿಯಿದ್ದರೂ ತುಂಬಿದ್ದರೂ ಮೋಟಾರು ಎಳೆಯಬೇಕಾದ್ದು ಬರೀ ವ್ಯತ್ಯಾಸವನ್ನು.

ಮಾರನೆಯ ದಿನ ತರಗತಿಯಲ್ಲಿ ಮೇಡಂ ಎಂಟುನೂರು ಕಿಲೋ ಪೆಟ್ಟಿಗೆ, ಆರುನೂರು ಕಿಲೋ ಜನ, ಹಿಂದಿನ ತೂಕ ಎಷ್ಟಿರಬೇಕು ಎಂದು ಲೆಕ್ಕ ಕೊಟ್ಟರು. ಎಲ್ಲರೂ ಸಾವಿರದ ನಾನೂರು ಎಂದು ಕೂಗಿದಾಗ ಇವಳೊಬ್ಬಳು ಸಾವಿರದ ನೂರು ಎಂದಳು. ಮೇಡಂ ಅವಳ ಬೆಂಚಿನ ತುದಿಯಲ್ಲಿ ಕುಳಿತು, "ಹೇಗೆ ಅಂತ ಇವರಿಗೆಲ್ಲ ನೀನೇ ಹೇಳು," ಎಂದರು. ಒಂಬತ್ತು ವರ್ಷದ ಶಾಲೆಯಲ್ಲಿ ಒಬ್ಬ ಶಿಕ್ಷಕಿ ಅವಳ ಪಕ್ಕ ಕುಳಿತದ್ದು ಅದೇ ಮೊದಲು. ಮುಂಚೆ ಮೇಡಂ ಪೀರಿಯಡ್ಡು ಪೂರ್ತಿ ಬೋರ್ಡಿಗೆ ಮುಖ ಮಾಡಿ ಬರೆಯುತ್ತಿದ್ದರು. ಈಗ ಬೆಂಚಿನಿಂದ ಬೆಂಚಿಗೆ ಓಡಾಡುತ್ತಿದ್ದರು, ಎಲ್ಲಿ ತಪ್ಪುತ್ತಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದರು.

ಮೂರನೆಯ ವಾರ ಅಮ್ಮನ ಪಾಳಿ ಬದಲಾಯಿತು.

"ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತು," ಎಂದು ಅಮ್ಮ ಬೆಳಿಗ್ಗೆ ಬ್ರೆಡ್ ಹೆಚ್ಚುತ್ತಾ ಹೇಳಿದಳು. "ಇಬ್ಬರನ್ನ ತೆಗೆದುಹಾಕಿದ್ರು. ಉಳಿದೋರು ತುಂಬಿಕೊಡಬೇಕಂತೆ."

"ಆಗಲ್ಲ ಅನ್ನಬೇಕಿತ್ತು," ಎಂದ ಅಪ್ಪ.

"ಅಂದಿದ್ರೆ ಮೂರನೆಯವಳು ನಾನೇ ಆಗ್ತಿದ್ದೆ. ಬೇಕಿತ್ತಾ?"

ಅಪ್ಪ ಟಿಫಿನ್ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡ. ಸಂಜೆಯ ಕೆಲಸ ಯಾರ ಪಾಲಿಗೆ ಎಂದು ಯಾರೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಅಮ್ಮ ಮಗಳನ್ನು ತಾತನ ಹಾಸಿಗೆಯ ಬಳಿಗೆ ಕರೆದುಕೊಂಡು ಹೋಗಿ ತೋರಿಸಿಕೊಟ್ಟಳು.

ತಾತನಿಗೆ ಪಾರ್ಶ್ವವಾಯು ಬಡಿದು ಬಲಭಾಗ ಬಿದ್ದುಹೋಗಿತ್ತು. ಸಂಜೆ ಐದಕ್ಕೆ ಮಗ್ಗುಲು ಹೊರಳಿಸಬೇಕು. ಏಳಕ್ಕೆ, ಮಾತ್ರೆಗೆ ಹೊಂದಿಸಿ ಡಾಕ್ಟರು ಬರೆದುಕೊಟ್ಟ ಹೊತ್ತಿಗೆ ಸರಿಯಾಗಿ, ಒರಗಿಸಿ ಕೂರಿಸಿ ಗಂಜಿ ತಿನ್ನಿಸಬೇಕು. ಒಂದು ಚಮಚ ಕೊಟ್ಟರೆ ಗಂಟಲು ಮೇಲೆದ್ದು ಇಳಿಯುವುದನ್ನು ಕಣ್ಣಲ್ಲಿ ನೋಡಿದ ಮೇಲೆಯೇ ಇನ್ನೊಂದು.

"ಅತ್ತ ಇತ್ತ ನೋಡಬೇಡ," ಎಂದಳು ಅಮ್ಮ. "ನುಂಗದೇ ಇದ್ದಾಗ ಇನ್ನೊಂದು ಹಾಕಿದ್ರೆ ಶ್ವಾಸಕೋಶಕ್ಕೆ ಹೋಗುತ್ತೆ. ಹೋದ ಸಲ ಹಂಗೇ ಆಗಿ ಹತ್ತು ದಿನ ಆಸ್ಪತ್ರೇಲಿ ಇದ್ರು, ನೆನಪಿದೆ ತಾನೆ?"

"ಎಷ್ಟು ಹೊತ್ತಾಗುತ್ತೆ?"

"ಮುಕ್ಕಾಲು ಗಂಟೆ. ಆಮೇಲೆ ಬಾಯಿ ಒರೆಸಿ, ಬಟ್ಟೆ ಬದಲಾಯಿಸು. ಅಷ್ಟು ಹೊತ್ತಿಗೆ ನಿಮ್ಮಪ್ಪಂಗೆ ಊಟ ಹಾಕೋ ಹೊತ್ತಾಗಿರುತ್ತೆ."

ಅಜ್ಜಿಗೆ ಕೈ ನಡುಕ. ಚಮಚ ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಚೆಲ್ಲುತ್ತಿತ್ತು. ಅಪ್ಪ ಬಂದವನೇ ಒಂದು ಗಂಟೆ ಮಲಗುತ್ತಿದ್ದ. ಹಾಗೆ ಫೋನು ಮನೆಗೆ ಬರುವ ಹೊತ್ತಿಗೆ ಹುಡುಗಿಯ ಕೈಯಲ್ಲಿ ಚಮಚವಿರುತ್ತಿತ್ತು. ಕೈ ಖಾಲಿಯಾಗುವ ಹೊತ್ತಿಗೆ ಫೋನು ಹೊರಟುಹೋಗಿರುತ್ತಿತ್ತು. ಪಾಠ ಆ್ಯಪ್‌ನಲ್ಲಿ ಸೋಮವಾರದಿಂದ ಶನಿವಾರದವರೆಗೆ ಸಂಜೆ ನಾಲ್ಕರಿಂದ ಒಂಬತ್ತರ ತನಕ ಮಾತ್ರ ತೆರೆದಿರುತ್ತಿತ್ತು. ಮಕ್ಕಳು ನಿದ್ದೆಗೆಡಬಾರದು, ಬೆಳಿಗ್ಗೆ ಅವಸರದಲ್ಲಿ ಓಡಿಸಬಾರದು ಎಂದು ಮೇಡಂ ಮಾಡಿದ ನಿಯಮ. ಫೋನಿಲ್ಲದವರು ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಕಂಪ್ಯೂಟರ್ ಕೋಣೆಯಲ್ಲಿ ಕುಳಿತು ನೋಡಬಹುದಿತ್ತು. ಆದರೆ ಐದಕ್ಕೆ ಅವಳು ಮನೆಯಲ್ಲಿರಬೇಕು.

ಗುರುವಾರ ಅಪ್ಪನ ಫೋನಿಗೆ ಸಂದೇಶ ಬಂತು. *ನಿಮ್ಮ ಮಗಳು ಈ ವಾರದ ಪಾಠಗಳನ್ನು ನೋಡಿಲ್ಲ.*

"ಏನೇ ಇದು?" ಅಪ್ಪ ಮಂಚದಿಂದಲೇ ಕೂಗಿದ. "ಮನೆಗೆ ಫೋನ್ ತಂದುಕೊಡ್ತೀನಿ, ನೋಡೋಕೇನು ಧಾಡಿ?"

"ಯಾವಾಗ ನೋಡ್ಲಿ ಅಪ್ಪಾ? ತಾತಂಗೆ ತಿನ್ನಿಸ್ತಾ ಇದೀನಲ್ಲ."

"ತಿನ್ನಿಸ್ತಾನೇ ನೋಡು. ಎಲ್ಲಾ ಹುಡುಗ್ರೂ ತಟ್ಟೆ ಮುಂದೆ ಫೋನ್ ಇಟ್ಕೊಂಡೇ ತಿಂತಾವೆ."

"ನೋಡಿದ್ರೆ ಗಂಟಲು ಯಾರು ನೋಡೋದು?"

ಅಜ್ಜಿ ನಡುವೆ ಬಾಯಿ ಹಾಕಿದಳು. "ಅವಳ ಮೇಲೆ ಯಾಕೋ ಎಗರಾಡ್ತೀಯ? ಕೊಡು ಇಲ್ಲಿ ಫೋನು. ನೋಡಿದಾರೋ ಇಲ್ವೋ ಅಷ್ಟೇ ತಾನೆ ಅದಕ್ಕೆ ಬೇಕಾಗಿರೋದು? ಯಾರ ಕಣ್ಣು ಅಂತ ಅದೇನು ಕೇಳುತ್ತಾ?"

ಅಂದಿನಿಂದ ಅಜ್ಜಿ ತಾತನ ಹಾಸಿಗೆಯ ತಲೆಗಡೆ ಸ್ಟೂಲು ಹಾಕಿಕೊಂಡು ಫೋನು ಹಿಡಿದು ಕೂರತೊಡಗಿದಳು. ಪಾಠ ಶುರುವಾಗುತ್ತಿತ್ತು, ಮುಗಿಯುತ್ತಿತ್ತು. ಕೊನೆಯ ಐದು ಪ್ರಶ್ನೆಗಳು ಬಂದರೆ ಬೆರಳು ಸಿಕ್ಕಿದ ಕಡೆ ಒತ್ತುತ್ತಿದ್ದಳು. ಹಸಿರು ಗುರುತು ಬಂತೆಂದರೆ, "ಹಾಜರ್!" ಎಂದು ತಾನೇ ಕೂಗುತ್ತಿದ್ದಳು. ಹುಡುಗಿಗೆ ನಗು ಬರುತ್ತಿತ್ತು. ಈ ಒಂದು ವಾರ ತಾನೆ, ಅಮ್ಮನ ಪಾಳಿ ಸರಿಹೋದ ಮೇಲೆ ಕೂತು ನೋಡಿದರಾಯಿತು ಎಂದುಕೊಂಡಳು. ಅವಳಿಗೆ ಕೇಳಿಸುತ್ತಿದ್ದುದು ಮೇಡಮ್ಮಿನ ಮಾತು ಮಾತ್ರ. "ಈಗ ಇದನ್ನು ಇಲ್ಲಿಂದ ತೆಗೆದು ಅಲ್ಲಿಗೆ ಜೋಡಿಸಿದರೆ ಏನಾಗುತ್ತದೆ, ನೋಡಿ." ಯಾವುದನ್ನು, ಎಲ್ಲಿಂದ, ಎಲ್ಲಿಗೆ ಎಂಬುದು ತೆರೆಯ ಮೇಲಿತ್ತು. ಅವಳ ಕಣ್ಣು ತಾತನ ಗಂಟಲ ಮೇಲಿತ್ತು.

ಯಾರೂ ಎಣಿಸದ ಒಂದು ಸಂಗತಿ ಆ ವಾರ ನಡೆಯಿತು. ಚಮಚ ಕಂಡರೆ ಮುಖ ತಿರುವುತ್ತಿದ್ದ ತಾತ, ಮೇಡಮ್ಮಿನ ಧ್ವನಿ ಶುರುವಾದರೆ ಫೋನಿನತ್ತ ತಿರುಗಿ ಸದ್ದಿಲ್ಲದೆ ನುಂಗುತ್ತಿದ್ದ. ಪಾಠ ಮುಗಿದರೆ ಬಾಯಿ ಮುಚ್ಚಿಬಿಡುತ್ತಿದ್ದ.

"ಇನ್ನೊಂದ್ಸಲ ಹಾಕು ಅಜ್ಜಿ, ಅರ್ಧ ಬಟ್ಟಲು ಉಳಿದಿದೆ."

"ಹಾಕಿದೆ ಬಿಡು. ನಾನು ನಲವತ್ತು ವರ್ಷ ಕೂಗಿದ್ರೂ ಈ ಮನುಷ್ಯ ಇಷ್ಟು ಗಮನ ಕೊಟ್ಟಿರಲಿಲ್ಲ. ಆ ಮೇಡಮ್ಮ ಕರೆಂಟು ಅಂದ್ರೆ ಸಾಕು, ಕಣ್ಣು ಮಿಟುಕಿಸಲ್ಲ."

ಒಂದು ಬಟ್ಟಲಿಗೆ ಪಾಠ ಎರಡು ಸಲ ಓಡುತ್ತಿತ್ತು. ಹೊಸ ಪಾಠ ಬರುವತನಕ ದಿನವೂ ಅದೇ, ತಾತನಿಗೆ ಹಿಡಿಸಿದ ಕರೆಂಟಿನ ಪಾಠವಂತೂ ಆಮೇಲೂ ಮತ್ತೆ ಮತ್ತೆ. ಸಂದೇಶಗಳು ನಿಂತುಹೋದವು. ಅಪ್ಪ ಗೊರಕೆ ಹೊಡೆಯುತ್ತಿದ್ದ.

ತರಗತಿಯಲ್ಲಿ ಮೇಡಂ ಮಕ್ಕಳನ್ನು ಮೂರು ಗುಂಪಾಗಿ ಕೂರಿಸುತ್ತಿದ್ದರು. ಪಾಠ ಅರ್ಥವಾದವರು ನೇರ ಪ್ರಯೋಗಕ್ಕೆ, ಅಲ್ಪಸ್ವಲ್ಪ ಅನುಮಾನವಿದ್ದವರು ಮೇಡಮ್ಮಿನ ಸುತ್ತ, ಏನೂ ಅರ್ಥವಾಗದವರು ಗೋಡೆಯ ಪಕ್ಕ ಹಾಳೆ ತುಂಬಿಸುತ್ತಾ. ಹುಡುಗಿ ಮೊದಲ ಗುಂಪಿನಿಂದ ಎರಡಕ್ಕೆ, ಎರಡರಿಂದ ಗೋಡೆಗೆ ಬಂದಳು. ಮಿಕ್ಕವರು ತಂತಿ, ಬಲ್ಬು, ಬ್ಯಾಟರಿ ಹಿಡಿದು ಗದ್ದಲ ಮಾಡುತ್ತಿದ್ದಾಗ ಅವಳು ಪುಸ್ತಕದ ಚಿತ್ರವನ್ನು ಹಾಳೆಗೆ ನಕಲು ಮಾಡುತ್ತಿದ್ದಳು. "ವೀಡಿಯೋದಲ್ಲಿ ಹೇಳಿದ್ನಲ್ಲಮ್ಮ, ಮರೆತೆಯಾ?" ಎಂದು ಮೇಡಂ ಕೇಳಿದರೆ, "ಹೂಂ ಮೇಡಂ," ಎನ್ನುತ್ತಿದ್ದಳು. ನೋಡಿಲ್ಲ ಎಂದರೆ, ನೋಡಿದ್ದಾಳೆಂದು ಹೇಳುತ್ತಿರುವ ಆ್ಯಪ್ ಸುಳ್ಳಾಗಬೇಕು. ಆ್ಯಪ್ ಸುಳ್ಳಾದರೆ ಅಜ್ಜಿ ಸಿಕ್ಕಿಬೀಳುತ್ತಾಳೆ.

ಎಂಟನೆಯ ವಾರ, ಶನಿವಾರ ಬೆಳಿಗ್ಗೆ, ಪೋಷಕರನ್ನು ಕರೆದಿದ್ದರು. ಅಪ್ಪನಿಗೆ ರಜೆ ಸಿಗಲಿಲ್ಲ. ಅಮ್ಮ ಸೋಪಿನಲ್ಲಿ ಬೆಂದು ಬಿರಿದ ಕೈಗಳಿಗೆ ಎಣ್ಣೆ ಸವರಿಕೊಂಡು ಮಗಳ ಜೊತೆ ಹೋದಳು.

ಮೇಡಂ ಎದ್ದು ನಿಂತು ಕುರ್ಚಿ ಕೊಟ್ಟರು. "ನಿಮ್ಮನ್ನ ನೋಡಬೇಕು ಅಂತಿದ್ದೆ. ಇಷ್ಟು ಕಷ್ಟಪಡೋ ಮಗು ನನ್ನ ಕ್ಲಾಸಲ್ಲೇ ಇಲ್ಲ." ಕಂಪ್ಯೂಟರಿನ ತೆರೆಯನ್ನು ಅಮ್ಮನ ಕಡೆ ತಿರುಗಿಸಿದರು. "ಬೇರೆ ಮಕ್ಕಳು ಒಂದು ಸಲ ನೋಡ್ತಾರೆ, ಹೆಚ್ಚೆಂದ್ರೆ ಎರಡು. ಇವಳು ನೋಡಿ. ಏಳು ಸಲ, ಒಂಬತ್ತು ಸಲ. ವಿದ್ಯುತ್ ರೋಧದ ಪಾಠ ಹನ್ನೊಂದು ಸಲ."

"ಹನ್ನೊಂದು ಸಲ?" ಎಂದಳು ಅಮ್ಮ.

"ಪೂರ್ತಿ. ಆದ್ರೂ ಐದು ಪ್ರಶ್ನೇಲಿ ಒಂದು ಸರಿ. ಪರೀಕ್ಷೇಲಿ ಇಪ್ಪತ್ತೈದಕ್ಕೆ ಆರು." ಮೇಡಂ ದನಿ ತಗ್ಗಿಸಿದರು. "ಸೋಮಾರಿಯಾಗಿದ್ರೆ ಬೈದು ಓದಿಸಬಹುದಿತ್ತು. ಇಷ್ಟು ಓದಿಯೂ ಆಗ್ತಿಲ್ಲ ಅಂದ್ರೆ ಅವಳ ಶಕ್ತಿ ಇಷ್ಟೇ ಅಂತ ನಾವು ಒಪ್ಪಬೇಕಾಗುತ್ತೆ. ಮೊದಲು ಚುರುಕಾಗಿದ್ಲು, ನಿಜ. ಆದ್ರೆ ವಿಜ್ಞಾನ ವಿಭಾಗಕ್ಕೆ ಹಾಕಿ ಮಗೂನ ಹಿಂಸೆ ಮಾಡೋದು ಬೇಡ ಅನ್ಸುತ್ತೆ."

ಅಮ್ಮ ಮಗಳ ಮುಖ ನೋಡಿದಳು. ಹುಡುಗಿ ಮೇಜಿನ ಮೇಲಿದ್ದ ಗೋಂದಿನ ಬಾಟಲಿಯನ್ನು ನೋಡುತ್ತಿದ್ದಳು.

ಬಸ್‌ಸ್ಟಾಪಿನವರೆಗೆ ಅಮ್ಮ ಬಿರಬಿರನೆ ನಡೆದಳು. ಅಲ್ಲಿ ನಿಂತು, "ಹನ್ನೊಂದು ಸಲ ಯಾವಾಗ ನೋಡಿದೆ ನೀನು? ನಿನಗೆ ಹನ್ನೊಂದು ನಿಮಿಷ ಎಲ್ಲಿದೆ?" ಎಂದಳು. ಹುಡುಗಿ ಎಲ್ಲವನ್ನೂ ಹೇಳಿದಳು.

ಭಾನುವಾರ ಎಲ್ಲರೂ ಊಟಕ್ಕೆ ಕುಳಿತರು.

"ನನ್ನ ಮಗಳಿಗೆ ದಡ್ಡಿ ಅಂತ ಹಣೆಪಟ್ಟಿ ಕಟ್ಟಿಸಿದ್ರಲ್ಲ ಅತ್ತೆ," ಎಂದಳು ಅಮ್ಮ. "ನೋಡಿಲ್ಲ ಅಂತ ಇದ್ದಿದ್ರೆ ಕೊನೇಪಕ್ಷ ಯಾಕೆ ಅಂತ ಕೇಳ್ತಿದ್ರು."

"ಒಳ್ಳೇದಾಗಲಿ ಅಂತ ಮಾಡ್ದೆ ಕಣಮ್ಮ. ಹಾಜರಿ ತಪ್ಪಿಸಬಾರದು ಅಂತ."

"ಬರೀ ಹಾಜರಿ ಹಾಕಿಸಿ ಏನು ಬಂತು? ತಲೆಗೆ ಹೋಗಿದ್ದೇನು?"

"ಅಮ್ಮನ್ನ ಯಾಕೆ ಅಂತೀಯ?" ಎಂದ ಅಪ್ಪ.

"ಸರಿ, ನಿಮ್ಮನ್ನ ಅಂತೀನಿ. ಆ ಒಂದು ಗಂಟೆ ಚಮಚ ಹಿಡಿಯೋಕೆ ನಿಮಗೇನಾಗಿತ್ತು? ನಿಮ್ಮಪ್ಪ ತಾನೆ?"

"ಹನ್ನೆರಡನೇ ಮಹಡೀಲಿ ಪೆಟ್ಟಿಗೆ ಮೇಲೆ ನಿಂತು ತೂಕಡಿಸಿದ್ರೆ ನನ್ನ ಬಟ್ಟೇನ ನಿಮ್ಮ ಲಾಂಡ್ರೀಲೇ ಒಗೀಬೇಕಾಗುತ್ತೆ. ಆಗಬಹುದಾ?"

ಅಮ್ಮ ತಟ್ಟೆ ತಳ್ಳಿ ಎದ್ದಳು. ತಾತ ಒಳಗಿನಿಂದ ಗೊರಗೊರ ಸದ್ದು ಮಾಡಿದ. ಹುಡುಗಿ ಕೈ ತೊಳೆದು ಅತ್ತ ಹೋದಳು.

ಸೋಮವಾರ ಅಜ್ಜಿ ಯಾರಿಗೂ ಹೇಳದೆ, ಮಂಡಿನೋವಿನಲ್ಲೇ ಎರಡು ಬಸ್ಸು ಬದಲಿಸಿ ಶಾಲೆಗೆ ಹೋದಳು. ಮೇಡಂ ಎದುರು ಕೂರಲಿಲ್ಲ. ಮೂವತ್ತು ವರ್ಷ ಶಿಕ್ಷಕರ ಎದುರು ನಿಂತೇ ಅಭ್ಯಾಸ.

"ಪಾಠ ನೋಡಿದ್ದು ನಾನು, ನನ್ನ ಗಂಡ. ತಪ್ಪು ಉತ್ತರ ಒತ್ತಿದ್ದೂ ನಾನೇ ಅಮ್ಮಾ. ಅವರಮ್ಮನ ಪಾಳಿ ಬದಲಾದ ಮೇಲೆ ಮಗು ಒಂದು ದಿನಾನೂ ನೋಡಿಲ್ಲ."

ಮೇಡಂ ಕಂಪ್ಯೂಟರಿನ ತೆರೆಯ ಮೇಲಿನ ಅಂಕಿಗಳನ್ನು ಇನ್ನೊಮ್ಮೆ ನೋಡಿ, "ಇನ್ನೆಷ್ಟು ಮನೇಲಿ ಹೀಗಿದೆಯೋ," ಎಂದರು. ನಂತರ ಹೆಡ್‌ಮಾಸ್ತರ ಬಳಿ ಮಾತಾಡಿ, ಐದು ದಿನ ಎಲ್ಲ ಪಾಠಗಳನ್ನೂ ಹಗಲೂ ತೆರೆದಿಟ್ಟು, ಮುಂದಿನ ಸೋಮವಾರ ಮರುಪರೀಕ್ಷೆ ಮಾಡಲು ಒಪ್ಪಿಗೆ ಪಡೆದರು.

ಆ ಐದು ದಿನ ಅಮ್ಮ ಸಂಬಳವಿಲ್ಲದ ರಜೆ ಹಾಕಿದಳು. "ಇನ್ನೊಂದ್ಸಲ ಕೇಳಬೇಡ," ಎಂದು ಮೇಲ್ವಿಚಾರಕಿ ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿದ್ದಳು. ಅಪ್ಪ ಜೊತೆಯ ಮೆಕ್ಯಾನಿಕ್‌ನಿಂದ ಒಂದು ಹಳೆಯ ಫೋನು ಎರವಲು ತಂದ. ಗಾಜು ಒಡೆದಿದ್ದರೂ ಚಿತ್ರ ಕಾಣುತ್ತಿತ್ತು. ಹುಡುಗಿ ಕಿಟಕಿಯ ಬಳಿ ಕುಳಿತು ಬಾಕಿ ಉಳಿದಿದ್ದ ಆರು ವಾರದ ಪಾಠವನ್ನು ಒಂದೊಂದಾಗಿ ನೋಡಿದಳು. ರೋಧಗಳನ್ನು ಸಾಲಾಗಿ ಜೋಡಿಸಿದರೆ ಕೂಡುತ್ತವೆ. ಪಕ್ಕಪಕ್ಕ ಜೋಡಿಸಿದರೆ ಒಟ್ಟು ರೋಧ ಅವುಗಳಲ್ಲಿ ಅತಿ ಚಿಕ್ಕದಕ್ಕಿಂತಲೂ ಕಡಿಮೆಯಾಗುತ್ತದೆ. ಇದು ಹೇಗೆ ಸಾಧ್ಯ ಎಂದು ಮೂರು ಸಲ ಹಿಂದಕ್ಕೆ ಹೋಗಿ ನೋಡಿ, "ಓ, ಕರೆಂಟಿಗೆ ದಾರಿ ಹೆಚ್ಚಾಯ್ತಲ್ಲ!" ಎಂದು ಒಬ್ಬಳೇ ಕೂಗಿದಳು.

"ಏನಾಯ್ತೇ?" ಎಂದಳು ಅಮ್ಮ ಅಡುಗೆಮನೆಯಿಂದ.

"ಏನಿಲ್ಲಮ್ಮ, ಅರ್ಥವಾಯ್ತು."

ಮರುಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಇಪ್ಪತ್ತೊಂದು ಬಂತು. ಅಪ್ಪ ಉತ್ತರಪತ್ರಿಕೆಯನ್ನು ಡಿಪೋಗೆ ಒಯ್ದು ಎಲ್ಲರಿಗೂ ತೋರಿಸಿ, ಗ್ರೀಸಿನ ಕಲೆ ಮಾಡಿಕೊಂಡು ವಾಪಸು ತಂದ.

ಹತ್ತನೆಯ ವಾರ ನಮೂನೆ ಬಂತು. ಮೂವತ್ತೊಂದು ಮಕ್ಕಳ ಹೆಸರು ಮೇಡಮ್ಮಿನ ಕೈಯಲ್ಲಿತ್ತು. ಅದರಲ್ಲಿ ಇವಳದೂ ಇತ್ತು. ಮುಂದಿನ ವರ್ಷ ವಿಜ್ಞಾನ ವಿಭಾಗದಲ್ಲಿ ಎಲ್ಲ ವಿಷಯಗಳೂ ಇದೇ ಕ್ರಮದಲ್ಲಿ ನಡೆಯುತ್ತವೆ, ಮಗುವಿಗೆ ಮನೆಯಲ್ಲಿ ಪ್ರತಿ ಸಂಜೆ ಅಡ್ಡಿಯಿಲ್ಲದ ಎರಡು ಗಂಟೆ ಮತ್ತು ಒಂದು ಫೋನು ಸಿಗುತ್ತದೆಯೇ, ಹೌದು ಅಥವಾ ಇಲ್ಲ ಎಂದು ಬರೆದು ಪೋಷಕರು ಸಹಿ ಮಾಡಬೇಕು. ಬರೆದದ್ದನ್ನು ಪಟ್ಟಿ ಮಾಡುವಾಗ ಗಮನಿಸಲಾಗುವುದು.

ಭಾನುವಾರ ಬೆಳಿಗ್ಗೆ ನಾಲ್ವರೂ ಮೇಜಿನ ಸುತ್ತ ಕುಳಿತರು.

"ಫೋನ್ ತರ್ತೀನಿ," ಎಂದ ಅಪ್ಪ. "ಹಳೇದಾದ್ರೂ ಸರಿ, ಕಂತಲ್ಲಾದ್ರೂ ಸರಿ."

"ಫೋನ್ ತರ್ತೀರಿ. ಕೈ ಎಲ್ಲಿಂದ ತರ್ತೀರಿ?" ಎಂದಳು ಅಮ್ಮ. "ಬೆಳಗಿನ ಪಾಳಿಗೆ ಕೇಳ್ದೆ. ನನಗಿಂತ ಮುಂಚೆ ಒಂಬತ್ತು ಜನ ಸಾಲಲ್ಲಿದಾರೆ."

"ತುರ್ತು ಪಾಳಿ ಬಿಡ್ತೀನಿ ಅಂದೆ ನಾನೂ. ಬಿಡೋದಾದ್ರೆ ಕೆಲಸಾನೇ ಬಿಡು ಅಂದ್ರು."

"ಆಳು ಇಟ್ಟುಕೊಂಡ್ರೆ?" ಎಂದಳು ಅಜ್ಜಿ.

"ಸಂಬಳ ಎಲ್ಲಿಂದ ಕೊಡೋದು?" ಎಂದಳು ಅಮ್ಮ. ಅಪ್ಪ ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದ.

"ಹೌದು ಅಂತ ಬರೆದುಬಿಡೋ," ಎಂದಳು ಅಜ್ಜಿ. "ಸೇರ್ಕೊಳ್ಳಲಿ ಮೊದಲು. ಆಮೇಲೆ ಹೆಂಗೋ ಆಗುತ್ತೆ. ಉತ್ತರ ಒತ್ತೋದು ಮಾತ್ರ ನಾನು ಮುಟ್ಟಲ್ಲ, ಆಣೆ."

"ಹೂಂ, ಎಲ್ಲರೂ ಹಂಗೇ ಬರೀತಾರೆ," ಎಂದ ಅಪ್ಪ.

"ಬೇಡಪ್ಪ," ಎಂದಳು ಹುಡುಗಿ. "ಹೌದು ಅಂತ ಬರೆದು ಹೋದ್ರೆ ಮತ್ತೆ ಅದೇ ಗೋಡೆ ಪಕ್ಕ ಕೂರಿಸ್ತಾರೆ. ಈ ಸಲ ಎಲ್ಲಾ ವಿಷಯದಲ್ಲೂ."

"ಹಂಗಂತ ನೀನೇ ಬಿಟ್ಟುಕೊಡ್ತೀಯಾ?" ಅಮ್ಮನ ದನಿ ಒಡೆಯಿತು. "ಇಪ್ಪತ್ತೊಂದು ತಗೊಂಡಿದೀಯಲ್ಲೇ!"

"ಅದು ನೀನು ಮನೇಲಿದ್ದಿದ್ದಕ್ಕೆ ಬಂದಿದ್ದಮ್ಮ."

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹುಡುಗಿ ಅಪ್ಪನ ಕೈಯಿಂದ ಪೆನ್ನು ತೆಗೆದುಕೊಂಡು ಖಾಲಿ ಜಾಗದಲ್ಲಿ 'ಇಲ್ಲ' ಎಂದು ಬರೆದಳು. ಕಾಗದವನ್ನು ಅವನ ಮುಂದೆ ಸರಿಸಿದಳು. ಅಪ್ಪ ತುಂಬ ಹೊತ್ತು ಅದನ್ನೇ ನೋಡುತ್ತಿದ್ದು, ಕೊನೆಗೆ ಸಹಿ ಹಾಕಿದ.

ಸೋಮವಾರ ಶಾಲೆ ಬಿಟ್ಟ ಮೇಲೆ ಮೇಡಂ ವರಾಂಡದಲ್ಲಿ ಅವಳನ್ನು ನಿಲ್ಲಿಸಿದರು. ಕೈಯಲ್ಲಿ ನಮೂನೆಗಳ ಕಟ್ಟಿತ್ತು.

"ಇದು ನಿಮ್ಮಪ್ಪ ಬರೆದಿದ್ದಾ?"

"ನಾನೇ ಬರೆದೆ ಮೇಡಂ. ಸಹಿ ಅಪ್ಪಂದು."

"ಮೂವತ್ತು ಜನ ಹೌದು ಅಂತ ಬರೆದಿದಾರೆ ಕಣೇ. ನೀನೂ ಬರೆದಿದ್ರೆ ನಾನು ಯಾರನ್ನ ಬಿಡಬೇಕು ಅಂತ ಯೋಚನೆ ಮಾಡ್ತಿದ್ದೆ. ನಿನ್ನನ್ನಂತೂ ಬಿಡ್ತಿರಲಿಲ್ಲ. ಯಾರು ಮನೆಗೆ ಬಂದು ನೋಡ್ತಿದ್ರು?"

"ಯಾರೂ ಬರಲ್ಲ ಅಂತ ಗೊತ್ತು ಮೇಡಂ."

ಮೇಡಂ 'ಇಲ್ಲ' ಎಂಬುದರ ಮೇಲೆ ಬೆರಳಿಟ್ಟು ನೋಡಿದರು. ನಮೂನೆಯನ್ನು ಕಟ್ಟಿನ ತಳಕ್ಕೆ ಸೇರಿಸಿ, ಅಂಚುಗಳನ್ನು ಕಿಟಕಿಯ ಕಟ್ಟೆಗೆ ಕುಟ್ಟಿ ಸಮ ಮಾಡಿದರು. ಅಂಗಳದಲ್ಲಿ ಮಕ್ಕಳು ಬಸ್ಸಿಗೆ ಓಡುತ್ತಿದ್ದರು.

"ನಾಲ್ಕೂ ಇಪ್ಪತ್ತಾಯ್ತು ಮೇಡಂ," ಎಂದಳು ಹುಡುಗಿ. "ಐದಕ್ಕೆ ತಾತನ ಹತ್ರ ಇರಬೇಕು. ನಾನು ಹೋಗ್ಲಾ?"